ಸೊಪ್ಪಿನ ಪಲ್ಯವೂ ತಲೆಯೂ

ನುಗ್ಗೆಸೊಪ್ಪಿನ ಪಲ್ಯ ಬಡಿಸುವಾಗ ನಮ್ಮ ಮನೆಗಳಲ್ಲಿ ಹೇಳುವ ಮಾತು ಒಂದೇ: "ತಿನ್ನು, ಕಣ್ಣಿಗೆ ಒಳ್ಳೇದು." ಬುದ್ಧಿಯ ಹೆಸರು ಹೇಳಿಕೊಳ್ಳುವ ಹಕ್ಕನ್ನು ಬಾದಾಮಿಗೂ ಒಂದೆಲಗಕ್ಕೂ ಎಂದೋ ಬಿಟ್ಟುಕೊಟ್ಟಾಗಿದೆ. ಸೊಪ್ಪಿನಿಂದ ಬರುವ ಎ ಜೀವಸತ್ವಕ್ಕೆ ತಲೆಯ ಕೆಲಸವೂ ಇದೆ ಅಂತ ಯಾವ ಅಜ್ಜಿಯೂ ಹೇಳಿದ್ದು ನಾನು ಕೇಳಿಲ್ಲ.

ನನಗದು ಗೊತ್ತಾದದ್ದು ಅಕ್ಕನ ಮಗಳ ಲ್ಯಾಬಿನಲ್ಲಿ. ಅಲ್ಲೊಂದು ಪುಟ್ಟ ಸೀಸೆಗೆ, ಚಪಾತಿ ಸುತ್ತುವ ಹಾಗೆ, ಫಾಯಿಲ್ ಸುತ್ತಿಟ್ಟಿದ್ದರು. ಒಳಗಿರುವುದು ರೆಟಿನೋಯಿಕ್ ಆಮ್ಲ. ಎ ಜೀವಸತ್ವವೇ ದೇಹದೊಳಗೆ ತಾಳುವ ರೂಪ. ಬೆಳಕು ಬಿದ್ದರೆ ಕೆಡುತ್ತದೆ. ಕಣ್ಣಿಗೆ ಬೆಳಕು ಕಾಣಿಸುವ ವಸ್ತುವಿನ ಒಡಹುಟ್ಟಿಗೇ ಬೆಳಕು ಆಗಿಬರುವುದಿಲ್ಲ ಅನ್ನುವುದು ನನಗೆ ತಮಾಷೆಯಾಗಿ ಕಂಡಿತು.

"ಮಾಮ, ಮೇಜು ಅಲ್ಲಾಡಿಸಬೇಡಿ" ಅಂದು ಅವಳು ಮೈಕ್ರೋಸ್ಕೋಪು ತೋರಿಸಿದಳು. ಆ ಕೋಶಗಳ ಮೂಲ 1970ರಲ್ಲಿ ನಾಲ್ಕು ವರ್ಷದ ಹುಡುಗಿಯೊಬ್ಬಳ ಮೂಳೆಮಜ್ಜೆಯಿಂದ ತೆಗೆದ ನರಕೋಶದ ಗಡ್ಡೆ. ಆಮ್ಲ ಹಾಕದ ತಟ್ಟೆಯಲ್ಲಿ ಅವು ಒತ್ತೊತ್ತಾಗಿ, ಸುಮ್ಮನೆ ಸಂಖ್ಯೆ ಹೆಚ್ಚಿಸಿಕೊಳ್ಳುತ್ತಿದ್ದವು. ಕೆಲವು ದಿನ ಆಮ್ಲ ಕಂಡ ತಟ್ಟೆಯಲ್ಲಿ ವಿಭಜನೆ ತಗ್ಗಿ, ಚಪ್ಪರ ಹುಡುಕುವ ಅವರೆ ಬಳ್ಳಿಯಂತೆ ಒಂದೊಂದೂ ಸಣ್ಣ ಎಳೆ ಚಾಚಿತ್ತು. ನರಕೋಶದ ಗುಣ ಅದಕ್ಕೆ ಆಗ ಬಂದದ್ದು.

ಆಮ್ಲ ಇಲ್ಲಿ ಆಹಾರವಲ್ಲ, ಅಪ್ಪಣೆ. ಕೋಶಕೇಂದ್ರದೊಳಕ್ಕೇ ನುಗ್ಗಿ, ಅಲ್ಲಿನ ಗ್ರಾಹಕವೊಂದನ್ನು ಹಿಡಿದು, ಯಾವ ಜೀನ್ ಏಳಬೇಕು, ಯಾವುದು ಮಲಗಬೇಕು ಅಂತ ಹೇಳುತ್ತದೆ. ಆ ಗ್ರಾಹಕವನ್ನು 1987ರಲ್ಲಿ ಫ್ರಾನ್ಸಿನ ಪಿಯೆರ್ ಶಾಂಬೊ, ಅಮೆರಿಕದ ರೊನಾಲ್ಡ್ ಎವಾನ್ಸ್ ಅವರ ತಂಡಗಳು ಬೇರೆಬೇರೆಯಾಗಿ ಪತ್ತೆ ಮಾಡಿದವು. ಗರ್ಭದೊಳಗೆ ಹಿಂಮೆದುಳು ರೂಪುಗೊಳ್ಳುವಾಗಲೂ ಇದೇ ಕಥೆ: ತನ್ನ ಸುತ್ತ ಆಮ್ಲ ಎಷ್ಟಿದೆ ಅನ್ನುವುದರ ಮೇಲೆ ಕೋಶಕ್ಕೆ ತಾನೆಲ್ಲಿದ್ದೇನೆ ಅನ್ನುವುದು ತಿಳಿಯುತ್ತದೆ. ಮುಂದಿನ ಭಾಗಕ್ಕೆ ಅದು ಹರಿಯದಂತೆ ಅಲ್ಲಲ್ಲೇ ಕರಗಿಸಿಬಿಡುವ ಕಿಣ್ವಗಳೂ ಇವೆ.

ಹಾಗಾಗಿ ಅಳತೆ ತಪ್ಪುವಂತಿಲ್ಲ. ಟೆಕ್ಸಾಸಿನ ಫ್ರೆಡ್ ಹೇಲ್ ಎ ಜೀವಸತ್ವವಿಲ್ಲದ ಮೇವು ಹಾಕಿದ ಹಂದಿಗೆ ಕಣ್ಣುಗುಡ್ಡೆಯೇ ಇಲ್ಲದ ಮರಿಗಳು ಹುಟ್ಟಿದ್ದನ್ನು 1933ರಲ್ಲಿ ವರದಿ ಮಾಡಿದ. ಹೆಚ್ಚಾದರೂ ಕೇಡೇ. ಮೊಡವೆಗೆ ಕೊಡುವ ಐಸೊಟ್ರೆಟಿನಾಯಿನ್ ಇದೇ ಕುಲದ್ದು. ಬಸುರಿಯರು ನುಂಗಿದರೆ ಮಗುವಿನ ಮೆದುಳು, ಹೃದಯ, ಕಿವಿ ಊನವಾಗಬಹುದು. ಅದೇ ಮಾತ್ರೆಯನ್ನು ನರಕೋಶದ ಗಡ್ಡೆಯಾದ ಮಕ್ಕಳಿಗೆ, ಕಿಮೋ ಮುಗಿದ ಮೇಲೆ, ಅಳಿದುಳಿದ ಕೋಶಗಳು ಪಕ್ವವಾಗಲಿ ಅಂತ ವೈದ್ಯರೇ ಕೊಡುತ್ತಾರೆ. ಒಂದೇ ವಸ್ತು ಇಷ್ಟು ವೇಷ ಹಾಕುವುದು ನನಗಂತೂ ಯಕ್ಷಗಾನದಲ್ಲೂ ಕಂಡಿಲ್ಲ.

ಇದನ್ನೆಲ್ಲ ಕೇಳಿ ಅಕ್ಕ, "ಹಾಗಾದ್ರೆ ಮೊಮ್ಮಗನಿಗೆ ಎ ಮಾತ್ರೆ ತಂದುಕೊಡ್ಲೇನೋ, ಲೆಕ್ಕದಲ್ಲಿ ಹಿಂದೆ" ಅಂದಳು. ಬೇಡವೇ ಬೇಡ ಅಂದೆ. ಅದು ಯಕೃತ್ತಿನಲ್ಲಿ ಕೂತುಬಿಡುತ್ತದೆ, ಮಿತಿಮೀರಿದರೆ ತಲೆಬುರುಡೆಯೊಳಗೆ ಒತ್ತಡ ಏರಿ ತಲೆನೋವು, ವಾಂತಿ. ಪಲ್ಯಕ್ಕೆ ಆ ಭಯವಿಲ್ಲ. ಕರುಳು ತನಗೆ ಬೇಕಾದಷ್ಟನ್ನೇ ಎ ಜೀವಸತ್ವ ಮಾಡಿಕೊಳ್ಳುತ್ತದೆ. ಒಗ್ಗರಣೆಗೆ ಎಣ್ಣೆ ಮಾತ್ರ ಜಿಪುಣತನ ಮಾಡಬೇಡ, ಜಿಡ್ಡಿಲ್ಲದೆ ಅದು ಮೈಗೆ ಹತ್ತುವುದಿಲ್ಲ ಅಂದೆ. ಲೆಕ್ಕಕ್ಕೆ ಟ್ಯೂಷನ್ ಹಾಕಿದ್ದಾರೆ.