ಒಂದು ಸೈಜು ದೊಡ್ಡದೇ ಇರಲಿ

ತೀರ್ಥಹಳ್ಳಿಯ ನಮ್ಮ ಮನೆಯ ಜಗಲಿಯಲ್ಲಿ 32 ವರ್ಷ ಹೊಲಿಗೆ ಯಂತ್ರ ತುಳಿದವಳು ನಾನು. ಮೇ ತಿಂಗಳ ಕೊನೆಗೆ ಶಾಲೆಯ ಯೂನಿಫಾರಂ ಬಟ್ಟೆ ರಾಶಿ ಬೀಳುತ್ತಿತ್ತು. ಅಳತೆ ಕೊಡಲು ಮಗುವಿನ ಕೈಹಿಡಿದು ಬಂದ ತಾಯಂದಿರೆಲ್ಲ ಹೇಳುತ್ತಿದ್ದುದು ಒಂದೇ ಮಾತು. "ಸ್ವಲ್ಪ ದೊಡ್ಡದೇ ಇರಲಿ ಅಕ್ಕಾ, ಬೆಳೆಯೋ ಮಗು." ನಾನೂ ಹಾಗೆಯೇ ಹೊಲಿಯುತ್ತಿದ್ದೆ. ಲಂಗದ ಅಂಚಿನಲ್ಲಿ ನಾಲ್ಕು ಬೆರಳು ಬಟ್ಟೆಯನ್ನು ಒಳಗೆ ಮಡಚಿಟ್ಟರೆ ವರ್ಷಕ್ಕೊಂದು ಮಡಿಕೆ ಬಿಚ್ಚಿ ಮೂರು ವರ್ಷ ಹಾಕಬಹುದು. ನನ್ನ ಮಗನಿಗೂ ಅಷ್ಟೆ. ಶೂಗಳ ತುದಿಗೆ ಹತ್ತಿ ತುರುಕಿ ಶಾಲೆಗೆ ಕಳಿಸಿದ್ದೇನೆ. ಅವನು ಟಕ್ ಟಕ್ ಎಂದು ನಡೆದು ಹೋಗುವುದನ್ನು ನೋಡಿ ಪಕ್ಕದ ಮನೆಯವರು ನಗುತ್ತಿದ್ದರು. ನಾನು ತಲೆ ಕೆಡಿಸಿಕೊಂಡವಳಲ್ಲ.

ಆ ಮಗ ಈಗ ಅಮೆರಿಕದ ಮಿನೆಸೋಟ ರಾಜ್ಯದ ಸೇಂಟ್ ಪಾಲ್‌ನಲ್ಲಿದ್ದಾನೆ. ಅವನ ಮಗಳಿಗೆ 13 ವರ್ಷ. ನನಗೆ ಅವಳು ಪುಟ್ಟಿ. ಹೋದ ವರ್ಷ ಪುಟ್ಟಿಗೆ ವಾಟರ್ ಸ್ಕೀಯಿಂಗ್ ಹುಚ್ಚು ಹಿಡಿಯಿತು. ಮಕ್ಕಳೇ, ನೀವು ಟಿ.ವಿ.ಯಲ್ಲಿ ನೋಡಿರಬಹುದು. ಮೋಟಾರ್ ದೋಣಿ ಮುಂದೆ ಓಡುತ್ತದೆ, ಹಗ್ಗ ಹಿಡಿದವರು ಹಲಗೆಯ ಮೇಲೆ ನಿಂತು ನೀರಿನ ಮೇಲೆ ಜಾರುತ್ತಾರೆ. ಎರಡು ಕಾಲಿಗೆ ಎರಡು ಹಲಗೆ ಇದ್ದರೆ ಅದು ಕಲಿಯುವವರಿಗೆ. ಒಂದೇ ಹಲಗೆಯ ಮೇಲೆ ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ ಇಟ್ಟು ನಿಂತರೆ ಅದಕ್ಕೆ ಸ್ಲಾಲಮ್ ಎನ್ನುತ್ತಾರೆ. ಸ್ಪರ್ಧೆಯಲ್ಲಾದರೆ 259 ಮೀಟರ್ ದಾರಿಯಲ್ಲಿ ತೇಲುವ 6 ಚೆಂಡುಗಳಿರುತ್ತವೆ. ಆಚೆಗೆ ಮೂರು, ಈಚೆಗೆ ಮೂರು. ದೋಣಿ ನೆಟ್ಟಗೆ ಹೋದರೂ ಹಗ್ಗ ಹಿಡಿದವರು ಹಾವಿನಂತೆ ಹೊರಳಿ ಆರನ್ನೂ ಸುತ್ತಬೇಕು. ಪುಟ್ಟಿ ಅಲ್ಲಿಗೆ ಇನ್ನೂ ಮುಟ್ಟಿಲ್ಲ. ಒಂದು ಹಲಗೆಯ ಮೇಲೆ ನಿಲ್ಲುವುದನ್ನಷ್ಟೇ ಕಲಿತಿದ್ದಾಳೆ.

ಹಲಗೆಗೆ ಕಾಲನ್ನು ಹಿಡಿದಿಡುವ ರಬ್ಬರಿನ ಬೂಟಿಗೆ ಬೈಂಡಿಂಗ್ ಎಂದು ಹೆಸರು. ಹೋದ ವರ್ಷ ಮಗ ಯಾರೋ ಬಳಸಿದ ಒಂದು ಸ್ಲಾಲಮ್ ಸ್ಕೀ ಕೊಂಡ. ಹಲಗೆ ಚೆನ್ನಾಗಿತ್ತು, ಬೂಟು ಮಾತ್ರ ಪುಟ್ಟಿಯ ಕಾಲಿಗೆ ದೊಡ್ಡದು. ವಿಡಿಯೊ ಕಾಲ್‌ನಲ್ಲಿ ನನಗೂ ತೋರಿಸಿದ. "ಏನು ಮಾಡ್ಲಿ ಅಮ್ಮಾ, ಬದಲಾಯಿಸ್ಲಾ?"

"ಒಂದು ಸೈಜು ದೊಡ್ಡದೇ ಇರಲಿ ಬಿಡೋ, ಬೆಳೆಯೋ ಕಾಲು. ಎರಡು ಕಾಲುಚೀಲ ಹಾಕ್ಲಿ" ಎಂದೆ.

ಆಗಸ್ಟ್‌ನಲ್ಲಿ ಪುಟ್ಟಿ ಬಿದ್ದಳು. ಹಲಗೆಯ ಮೂತಿ ನೀರಿಗೆ ಕಚ್ಚಿ ಅವಳು ಮುಂದಕ್ಕೆ ಉರುಳಿದಾಗ ಹಿಮ್ಮಡಿ ಬೂಟಿನಿಂದ ಈಚೆ ಬಂತು, ಬೆರಳುಗಳು ಒಳಗೇ ಸಿಕ್ಕಿಕೊಂಡವು. ಹಲಗೆ ಒಂದು ಕಡೆ ತಿರುಗಿತು, ಕಾಲು ಇನ್ನೊಂದು ಕಡೆ. ಮೂಳೆ ಮುರಿಯಲಿಲ್ಲ. ಪಾದದ ಕೀಲು ಉಳುಕಿ ಮೂರು ವಾರ ಊರುಗೋಲು. ಅಜ್ಜಿಯ ಮಾತು ಕೇಳಿ ಹೀಗಾಯಿತು ಎಂದು ಮನೆಯಲ್ಲಿ ಯಾರೂ ಅನ್ನಲಿಲ್ಲ. ಅಂದಿದ್ದರೇ ಚೆನ್ನಾಗಿತ್ತು.

ಈ ವರ್ಷ ಜೂನ್‌ನಲ್ಲಿ ನಾನೇ ಅಲ್ಲಿಗೆ ಹೋದೆ. ಹೋದ ಮಾರನೆಯ ದಿನ ಗ್ಯಾರೇಜಿನಲ್ಲಿದ್ದ ಸ್ಕೀ ಇಳಿಸಿ ನೋಡಿದೆ. ಬಿಸಿಲು ತಿಂದ ರಬ್ಬರು ಹಿಮ್ಮಡಿಯ ಹತ್ತಿರ ಒಣಗಿದ ಕೆರೆಯಂತೆ ಬಿರುಕು ಬಿಟ್ಟಿತ್ತು. ಬೆರಳಿನಿಂದ ಎಳೆದರೆ ಬಿರುಕು ಬಾಯಿ ತೆರೆಯುತ್ತಿತ್ತು. ಹೊಲಿಗೆಯೂ ಎರಡು ಕಡೆ ಬಿಟ್ಟಿತ್ತು. ಇದನ್ನು ರಿಪೇರಿ ಮಾಡಿ ಪ್ರಯೋಜನವಿಲ್ಲ. "ಹೊಸ ಬೂಟು ನನ್ನ ಲೆಕ್ಕದಲ್ಲಿ" ಎಂದೆ. ಪುಟ್ಟಿ ಕುಣಿದಳು. ಮಗ ಮಾತ್ರ ನನ್ನ ಮುಖ ನೋಡಿ ಸುಮ್ಮನಾದ.

ಹಲಗೆಯ ತೂತುಗಳು ಒಂದೊಂದು ಕಂಪನಿಯದು ಒಂದೊಂದು ರೀತಿ. ಹಾಗಾಗಿ ಸ್ಕೀಯನ್ನೇ ಅಂಗಡಿಗೆ ಒಯ್ಯುವುದು ಒಳ್ಳೆಯದು. ಹಳೆಯ ಬೂಟು ಬಿಚ್ಚುವ ಮೊದಲು ಹಲಗೆಯ ಬಾಲದಿಂದ ಮುಂದಿನ ಬೂಟಿನ ಹಿಮ್ಮಡಿಯವರೆಗೆ ಅಳೆದು ಬರೆದಿಟ್ಟುಕೊಳ್ಳಬೇಕು ಎಂದು ಮಗ ಎಲ್ಲೋ ಓದಿದ್ದ. ಬೂಟು ಅರ್ಧ ಇಂಚು ಹಿಂದೆಮುಂದೆ ಆದರೂ ಹಲಗೆ ತಿರುಗುವ ಪರಿಯೇ ಬದಲಾಗುತ್ತದಂತೆ. ಟೇಪು ಹುಡುಕಲು ಹೊರಟ. ಟೇಪು ನನ್ನ ಕೈಚೀಲದಲ್ಲಿ ಯಾವತ್ತೂ ಇರುತ್ತದೆ. ನಾನೇ ಅಳೆದೆ, 28.5 ಇಂಚು.

ಅಂಗಡಿಯವನು ನನ್ನದೇ ವಯಸ್ಸಿನವನು. ನನ್ನ ಇಂಗ್ಲಿಷು ಅಷ್ಟಕ್ಕಷ್ಟೆ, ಅವನ ಕನ್ನಡ ಸೊನ್ನೆ. ನಡುವೆ ಪುಟ್ಟಿ. ಅವನು ಮೊದಲು ಅವಳಿಗೆ ಕಣ್ಣು ಮುಚ್ಚಿ ನಿಲ್ಲು ಎಂದ. ಹಿಂದಿನಿಂದ ಮೆಲ್ಲಗೆ ತಳ್ಳಿದ. ಅವಳು ಎಡಗಾಲು ಮುಂದಿಟ್ಟು ಸಾವರಿಸಿಕೊಂಡಳು. ಹಾಗಾದರೆ ಎಡಗಾಲೇ ಮುಂಗಾಲು. ಮನೆಯಲ್ಲಿ ನೀವೂ ಮಾಡಿ ನೋಡಿ ಮಕ್ಕಳೇ, ಅಜ್ಜ ಅಜ್ಜಿಯರನ್ನು ಮಾತ್ರ ತಳ್ಳಬೇಡಿ.

ಆಮೇಲೆ ಮೂರು ಬಗೆ ಬೂಟು ಮುಂದಿಟ್ಟ. ಗಟ್ಟಿ ಚಿಪ್ಪಿನದು ಒಂದು. ಜೋರಾಗಿ ಬಿದ್ದಾಗ ಬೂಟಿಗೆ ಬೂಟೇ ಹಲಗೆಯಿಂದ ಕಳಚಿಕೊಳ್ಳುವ ಏರ್ಪಾಡು. ಅದು ಎಷ್ಟು ಜೋರಿಗೆ ಬಿಡಬೇಕು ಎಂದು ಹೊಂದಿಸಲು ಪಳಗಿದ ಕೈ ಬೇಕು. ಬೆಲೆಯೂ ಬಾಯಿ ಸುಡುವಂಥದು. ಅದನ್ನು ಪಕ್ಕಕ್ಕಿಟ್ಟೆವು. ಇನ್ನೊಂದು ಬರೀ ರಬ್ಬರಿನದು, ಕಾಲಿಗೆ ಅಂಟಿ ಕೂರುತ್ತದೆ. ಮೂರನೆಯದು ಮೆತ್ತನೆಯ ಬೂಟು, ಲಾಡಿ ಎಳೆದು ಬಿಗಿ ಮಾಡುವಂಥದು.

ಹಿಂಗಾಲಿಗೆ ಪೂರ್ತಿ ಬೂಟು ಬೇಕೋ, ಬೆರಳು ತೂರಿಸುವ ಪಟ್ಟಿ ಸಾಕೋ ಎನ್ನುವುದು ಮತ್ತೊಂದು ತಕರಾರು. ಎರಡೂ ಕಾಲು ಬಿಗಿಯಾಗಿದ್ದರೆ ಬಿದ್ದಾಗ ಎರಡೂ ಒಟ್ಟಿಗೆ ಉಳಿಯುತ್ತವೆ, ಇಲ್ಲವೇ ಒಟ್ಟಿಗೆ ಬರುತ್ತವೆ, ಹಾಗಾಗಿ ಉಳುಕುವುದು ಕಡಿಮೆ ಎನ್ನುವವರಿದ್ದಾರೆ. ಪಟ್ಟಿಯಿದ್ದರೆ ಏಳುವಾಗ ಹಿಂಗಾಲನ್ನು ನೀರಿನಲ್ಲಿ ಚುಕ್ಕಾಣಿಯಂತೆ ಇಳಿಬಿಟ್ಟು ಸಮತೋಲ ಹಿಡಿಯಬಹುದು, ಕಲಿಯುವವರಿಗೆ ಅದೇ ಸುಲಭ ಎನ್ನುವವರೂ ಇದ್ದಾರೆ. ದೊಡ್ಡ ಆಟಗಾರರಲ್ಲೂ ಎರಡೂ ಪಕ್ಷದವರಿದ್ದಾರಂತೆ. ನಮ್ಮ ಮಂಡಿನೋವಿಗೆ ಇಬ್ಬರು ಡಾಕ್ಟರು ಎರಡು ಮಾತು ಹೇಳುವಂತೆ! ಪುಟ್ಟಿ ಪಟ್ಟಿಯನ್ನೇ ಆರಿಸಿದಳು. ಕಾಲನ್ನು ಅದರೊಳಗೆ ಬುಡದವರೆಗೆ ತುರುಕಬೇಡ, ಬಿದ್ದಾಗ ಸಲೀಸಾಗಿ ಬರುವಷ್ಟೇ ಹಾಕು ಎಂದು ಅವನು ಎರಡು ಸಲ ಹೇಳಿದ.

ಈಗ ಮುಂಗಾಲಿನ ಬೂಟಿನ ಅಳತೆ. ಲಾಡಿಯ ಬೂಟು 5ನೇ ನಂಬರು ಹಾಕಿಕೊಳ್ಳಲು ಹೋದರೆ ಕಾಲು ಒಳಗೇ ಹೋಗಲಿಲ್ಲ. "ನೋಡು, ಚಿಕ್ಕದಾಯ್ತು" ಎಂದು ನನ್ನ ಬಾಯಿ ಆಗಲೇ ಹೊರಟಿತ್ತು. ಅಂಗಡಿಯವನು ಒಂದು ಸೀಸೆಯಿಂದ ಸೋಪಿನ ನೀರನ್ನು ಅವಳ ಪಾದಕ್ಕೆ, ಬೂಟಿನೊಳಕ್ಕೆ ಚಿಮ್ಮಿಸಿದ. ಕಾಲು ಸರ್ರನೆ ಇಳಿಯಿತು.

ನನಗೆ ಆ ಕ್ಷಣ ನೆನಪಾದದ್ದು ನಮ್ಮೂರಿನ ಬಳೆಗಾರ. ಕೈಬೆರಳುಗಳನ್ನು ಒತ್ತಿ ಒತ್ತಿ ನೋಡಿ, ಸೋಪು ಹಚ್ಚಿ, ಒಡೆಯದಂತೆ ಗಾಜಿನ ಬಳೆ ಏರಿಸುತ್ತಿದ್ದ. "ಹುಡುಗಿ ಬೆಳೀತಾಳೆ, ದೊಡ್ಡದು ಹಾಕಪ್ಪ" ಎಂದು ನಮ್ಮಮ್ಮ ಅಂದರೆ ಅವನು ಕೇಳುತ್ತಿರಲಿಲ್ಲ. ದೊಡ್ಡ ಬಳೆ ಬಾವಿಗೆ ಬೀಳುತ್ತದೆ ಎಂದು ನಗುತ್ತಿದ್ದ.

ಅಂಗಡಿಯವನು ಲಾಡಿ ಬಿಗಿದು, ಮಂಡಿ ಬಗ್ಗಿಸಿ ಮುಂದಕ್ಕೆ ವಾಲು ಎಂದ. ಹಿಮ್ಮಡಿ ಏಳಲಿಲ್ಲ. ಬೆರಳು ಮುದುಡಿಲ್ಲ, ನೀಟಾಗಿ ಚಾಚಿವೆ ಎಂದಳು ಪುಟ್ಟಿ. ಐದು ನಿಮಿಷ ನಿಂತಳು, ಜೋಮು ಹಿಡಿಯಲಿಲ್ಲ. ಪಕ್ಕದಲ್ಲಿ 6ನೇ ನಂಬರು ಹಾಕಿ ನೋಡಿದರೆ ಲಾಡಿ ಎಷ್ಟು ಎಳೆದರೂ ಹಿಮ್ಮಡಿ ಅರ್ಧ ಇಂಚು ಮೇಲೇಳುತ್ತಿತ್ತು. ಬೆರಳಿಟ್ಟು ಮುಟ್ಟಿ ನೋಡಿದೆ. ಆ ಅರ್ಧ ಇಂಚಿನಲ್ಲೇ ಆಗಸ್ಟ್ ತಿಂಗಳು ಇತ್ತು. ಬೂಟು ದೋಣಿ ಎಳೆಯುವಾಗ ಬಿಡಬಾರದು, ಬಿದ್ದಾಗ ಅರ್ಧಂಬರ್ಧ ಹಿಡಿಯಬಾರದು ಎಂದು ಅಂಗಡಿಯವನು ಹೇಳಿದ್ದನ್ನು ಪುಟ್ಟಿ ಕನ್ನಡಕ್ಕೆ ತಂದಳು.

"ಆದ್ರೆ ಮುಂದಿನ ವರ್ಷ 5 ಆಗಲ್ಲ ಅಮ್ಮಾ. ಬೆಳೀತಾಳೆ" ಎಂದ ಮಗ. ನನ್ನ ಮಾತನ್ನೇ ನನಗೆ ಹಿಂದಿರುಗಿಸುತ್ತಿದ್ದಾನೋ, ನಿಜವಾಗಿ ದುಡ್ಡಿನ ಯೋಚನೆಯೋ ತಿಳಿಯಲಿಲ್ಲ.

"ಮುಂದಿನ ವರ್ಷ ಮುಂದಿನ ವರ್ಷಕ್ಕೆ ತಗೊಳ್ಳೋಣ. ಇವತ್ತಿನ ಕಾಲಿಗೆ ಆಗೋದು ಕೊಡ್ಸು" ಎಂದೆ. ಆಮೇಲೆ ಪುಟ್ಟಿಯ ಕಡೆ ತಿರುಗಿ, "ಹೋದ ವರ್ಷ ದೊಡ್ಡದಿರಲಿ ಅಂದಿದ್ದು ನಾನೇ ಮಗಾ" ಎಂದೆ.

"ಗೊತ್ತಜ್ಜಿ" ಎಂದಳು ಅವಳು, ಲಾಡಿ ಬಿಚ್ಚುತ್ತ.

ಮನೆಗೆ ಬಂದು ಮಗ ಸ್ಟೇನ್‌ಲೆಸ್ ಸ್ಟೀಲಿನ ಹೊಸ ಸ್ಕ್ರೂಗಳನ್ನು ಕೈಯಲ್ಲೇ ತಿರುಗಿಸಿ ಕೂರಿಸಿದ. ಯಂತ್ರದಿಂದ ತಿರುಗಿಸಿದರೆ ಹಲಗೆಯೊಳಗಿನ ಮರೆ ಹಾಳಾಗುತ್ತದೆ. ಟೇಪು ಹಿಡಿದು 28.5ಕ್ಕೆ ನಿಲ್ಲಿಸಿದವಳು ನಾನು.

ಭಾನುವಾರ ಲೇಕ್ ಸಿಟಿ ಎಂಬ ಪುಟ್ಟ ಊರಿಗೆ ಹೋದೆವು. ಅಲ್ಲಿ ಮಿಸಿಸಿಪ್ಪಿ ನದಿಯೇ ಅಗಲವಾಗಿ ಹರಡಿ ಪೆಪಿನ್ ಸರೋವರವಾಗಿದೆ. ನಮ್ಮ ತುಂಗೆಯನ್ನು ನೋಡಿದ ಕಣ್ಣಿಗೆ ಅದು ನದಿ ಎಂದು ನಂಬಲು ಕಷ್ಟ. ಈ ಆಟ ಹುಟ್ಟಿದ್ದು ಅಲ್ಲೇ. 1922ರ ಜುಲೈ 2ರಂದು ರಾಲ್ಫ್ ಸ್ಯಾಮುಯೆಲ್ಸನ್ ಎಂಬ ಹುಡುಗ, 19 ತುಂಬಲು ಒಂದು ದಿನ ಬಾಕಿಯಿದ್ದಾಗ, ಆ ನೀರಿನ ಮೇಲೆ ಮೊದಲ ಸಲ ಎದ್ದು ನಿಂತ. 8 ಅಡಿ ಉದ್ದದ ಎರಡು ಪೈನ್ ಹಲಗೆಗಳು, ಬಿಸಿನೀರಿನಲ್ಲಿ ಬೇಯಿಸಿ ಬಗ್ಗಿಸಿದ ತುದಿಗಳು. ಬೈಂಡಿಂಗ್ ಎಂದರೆ ಕಾಲು ತೂರಿಸಲು ಒಂದೊಂದು ಚರ್ಮದ ಪಟ್ಟಿ, ಅಷ್ಟೆ. ಅವನ ಅಜ್ಜಿ ಏನೆಂದಳೋ!

ದೋಣಿ ನಡೆಸುವವರು ಮುಂದೆ ನೋಡುತ್ತಾರೆ. ಬಿದ್ದವರನ್ನು ಗಮನಿಸಲು ಹಿಂದಕ್ಕೆ ನೋಡುವವರೊಬ್ಬರು ಇರಬೇಕು. ಆ ಕೆಲಸ ನನಗೆ ಕೊಟ್ಟರು. ಕಿತ್ತಳೆ ಬಣ್ಣದ ಜಾಕೆಟ್ ತೊಟ್ಟು, ಸೆರಗು ಸಿಕ್ಕಿಸಿ, ಎರಡೂ ಕೈಯಲ್ಲಿ ಕಂಬಿ ಹಿಡಿದು ಕೂತೆ. ಪುಟ್ಟಿ ಎದ್ದಳು. ಹಿಂಗಾಲನ್ನು ಪಟ್ಟಿಗೆ ಸೇರಿಸಿದಳು. ಎಡಕ್ಕೆ ವಾಲಿದಳು, ನೀರು ಬೀಸಣಿಗೆಯಂತೆ ಎದ್ದಿತು. ಬಲಕ್ಕೆ ಹೊರಳುವಾಗ ಹಲಗೆಯ ಮೂತಿ ಮತ್ತೆ ನೀರಿಗೆ ಕಚ್ಚಿತು, ಹೋದ ವರ್ಷದಂತೆಯೇ.

"ಬಿದ್ಲು!" ಎಂದು ಕೂಗಿದೆ. ದೋಣಿ ತಿರುಗಿತು. ಮೊದಲು ಕಂಡದ್ದು ಖಾಲಿ ಹಲಗೆ, ಬೂಟಿನ ಸಮೇತ ತೇಲುತ್ತಿತ್ತು. ಅದರಿಂದ ನಾಲ್ಕು ಮಾರು ದೂರದಲ್ಲಿ ಪುಟ್ಟಿಯ ತಲೆ. ಆಮೇಲೆ ತಲೆಯ ಮೇಲೆ ಜೋಡಿಸಿ ಹಿಡಿದ ಎರಡು ಕೈ. ನನಗೇನೂ ಆಗಿಲ್ಲ ಎನ್ನುವುದಕ್ಕೆ ಅವರು ಮಾಡುವ ಸನ್ನೆ ಅದು. ದೋಣಿ ಹತ್ತಿರ ಬಂದಾಗ ಅವಳು ಕೇಳಿದ್ದು ಇಷ್ಟೆ: "ಅಜ್ಜಿ, ಸೋಪಿನ ನೀರು ತಂದಿದ್ದೀರಲ್ಲ?"

ತಂದಿದ್ದೆ. ಕೈಚೀಲದಲ್ಲಿ ಟೇಪಿನ ಪಕ್ಕದಲ್ಲೇ ಇತ್ತು.