ನಾಲ್ಕು ಊರು, ಒಂದು ಚಿಟಿಕೆ ಬಡೇಸೋಪು

ಜಮಖಂಡಿಯ ಖಾನಾವಳಿಗಳಲ್ಲಿ ರೊಟ್ಟಿ ಊಟ ಮುಗಿಸಿ ಹಣ ಕೊಡಲು ಬಂದರೆ ಗಲ್ಲಾದ ಪಕ್ಕ ಒಂದು ಬಟ್ಟಲು ಇರುತ್ತದೆ. ಅದರಲ್ಲಿ ಬಡೇಸೋಪು, ಜತೆಗೆ ಸಕ್ಕರೆ. ಒಂದು ಚಿಟಿಕೆ ಬಾಯಿಗೆ ಹಾಕಿಕೊಳ್ಳದೆ ಹೋಗುವವರು ಕಡಿಮೆ. ಆದರೆ ಮಕ್ಕಳೇ, ಅದರ ಗಿಡ ಹೇಗಿರುತ್ತದೆ ಎಂದು ಕೇಳಿ ನೋಡಿ. ದೊಡ್ಡವರೂ ತಲೆ ಕೆರೆದುಕೊಳ್ಳುತ್ತಾರೆ.

ನಮ್ಮ ಕಡೆಯ ಹೊಲಗಳಲ್ಲಿ ಕಾಣುವುದು ಕಬ್ಬು, ಜೋಳ, ಗೋವಿನಜೋಳ. ಬಡೇಸೋಪು ಹೆಚ್ಚಾಗಿ ಬರುವುದು ಗುಜರಾತ, ರಾಜಸ್ಥಾನಗಳಿಂದ. ಇದರ ಮೂಲ ಇನ್ನೂ ದೂರ, ಮೆಡಿಟರೇನಿಯನ್ ಸಮುದ್ರದ ಸುತ್ತಲಿನ ನಾಡು. ಗ್ರೀಕರು ಇದನ್ನು ‘ಮಾರಥಾನ್’ ಎನ್ನುತ್ತಿದ್ದರು. ಅದೇ ಹೆಸರಿನ ಊರಿನಿಂದ ಇಂದಿನ ಮ್ಯಾರಥಾನ್ ಓಟಕ್ಕೆ ಹೆಸರು ಬಂತು!

ಹಾಗಾದರೆ ನಮ್ಮ ಮಣ್ಣಿನಲ್ಲಿ ಇದು ಬರುವುದಿಲ್ಲವೇ? ಬ್ಯಾಂಕಿನ ನೌಕರಿಯಲ್ಲಿದ್ದಾಗ ಓಡಾಡಿದ ನಾಲ್ಕು ಊರುಗಳನ್ನು ಕಳೆದ ಚಳಿಗಾಲದಲ್ಲಿ ಮತ್ತೆ ಸುತ್ತಿ, ಹಿತ್ತಲು ಹಿತ್ತಲು ಹುಡುಕಿದೆ.

ಮೊದಲ ಗಿಡ ಸಿಕ್ಕಿದ್ದು ಜಮಖಂಡಿಯಲ್ಲೇ. ಪಟವರ್ಧನ ಅರಸರ ಸಂಸ್ಥಾನವಾಗಿದ್ದ ಈ ಊರಿನ ಹಳೆಯ ಮನೆಗಳಿಗೆ ಇನ್ನೂ ಹಿತ್ತಲು ಉಳಿದಿದೆ. ದೂರದಿಂದ ನೋಡಿದರೆ ಸಬ್ಬಸಿಗೆಯಂತೆಯೇ ನೂಲಿನಂಥ ಎಲೆ, ಕೊಡೆಯಂತೆ ಅರಳಿದ ಹಳದಿ ಹೂ. ಮನೆಯಾಕೆ ನಕ್ಕು, “ಎಲಿ ತಿಕ್ಕಿ ಮೂಸಿ ನೋಡ್ರಿ” ಎಂದರು. ಸಿಹಿಯಾದ ವಾಸನೆ! ಕೊತ್ತಂಬರಿ, ಜೀರಿಗೆ, ಅಜವಾನ, ಗಜ್ಜರಿ ಎಲ್ಲವೂ ಇದರ ಬಳಗದವೇ.

ರಬಕವಿ-ಬನಹಟ್ಟಿ ನೇಕಾರರ ಊರು. ಓಣಿಯ ತುಂಬ ಮಗ್ಗದ ಸದ್ದು; ಮನೆಗೆ ಮನೆ ಅಂಟಿಕೊಂಡಿವೆ, ಹಿತ್ತಲಿಗೆ ಜಾಗವಿಲ್ಲ. ಅಲ್ಲಿನ ಅಜ್ಜ ಒಬ್ಬರು ಮಾಳಿಗೆಯ ಮೇಲೆ ಹಳೆಯ ಬಕೆಟ್ಟಿನಲ್ಲಿ ಬೆಳೆಸಿದ್ದರು. ಇದರ ಬೇರು ನೇರವಾಗಿ ಆಳಕ್ಕೆ ಇಳಿಯುತ್ತದೆ. ಆದ್ದರಿಂದ ಕುಂಡ ಆಳವಾಗಿರಬೇಕು, ತಳಕ್ಕೆ ತೂತು ಇರಬೇಕು. ಸಸಿ ಕಿತ್ತು ನೆಡುವುದಕ್ಕಿಂತ ಇದ್ದಲ್ಲಿಯೇ ಬಿತ್ತುವುದು ಲೇಸು.

ಮುಧೋಳವೆಂದರೆ ಕವಿ ರನ್ನನ ಊರು, ಬೇಟೆನಾಯಿಗಳ ಊರು. ಘಟಪ್ರಭೆಯ ದಂಡೆಯ ಕಪ್ಪು ಎರೆಮಣ್ಣು ಕಬ್ಬಿಗೆ ಬಂಗಾರ. ಆದರೆ ಆ ಮಣ್ಣಿನಲ್ಲಿ ನೀರು ನಿಂತರೆ ಬಡೇಸೋಪಿನ ಬೇರು ಕೊಳೆಯುತ್ತದೆ. ಅಲ್ಲಿನ ಒಬ್ಬ ರೈತರು ಮರಳು, ತಿಪ್ಪೆಗೊಬ್ಬರ ಬೆರೆಸಿ ಮಡಿಯನ್ನು ಗೇಣೆತ್ತರ ಏರಿಸಿದ್ದರು. ಎಳೆಯ ಎಲೆಯನ್ನು ಹೆಚ್ಚಿ ಮಜ್ಜಿಗೆಗೆ ಹಾಕಿ ಕೊಟ್ಟರು. ಬೇಸಿಗೆಯಲ್ಲಿ ಕಾಳನ್ನು ರಾತ್ರಿ ನೆನೆಸಿ, ಬೆಳಿಗ್ಗೆ ಅರೆದು ಸೋಸಿ, ಬೆಲ್ಲ ಕರಗಿಸಿ ಪಾನಕ ಮಾಡುತ್ತಾರಂತೆ.

ಕೊನೆಗೆ ಬೀಳಗಿ. ಆಲಮಟ್ಟಿ ಅಣೆಕಟ್ಟಿನ ಹಿನ್ನೀರು ಬಂದಾಗ ಈ ತಾಲ್ಲೂಕಿನ ಕೃಷ್ಣಾ ದಂಡೆಯ ಹಳ್ಳಿಗಳು ಮುಳುಗಡೆಯಾದವು. ಜನ ಪುನರ್ವಸತಿ ಕೇಂದ್ರಗಳಿಗೆ ಬಂದರು. ಅಂಥ ಒಂದು ಕಡೆ, ಬಚ್ಚಲ ನೀರು ಹರಿಯುವ ಮೂಲೆಯ ಪಕ್ಕ, ನನ್ನೆದೆಯೆತ್ತರದ ಐದಾರು ಗಿಡ ನಿಂತಿದ್ದವು. ಅವುಗಳ ಒಡತಿಗೆ ಎಂಬತ್ತು ದಾಟಿದೆ.

“ಬೇವಿನ ಗಿಡ ನೀರಾಗ ಹೋತ್ರಿ, ಬಾವಿ ಹೋತು. ಹಿತ್ತಲದಾಗಿನ ಬೀಜ ಅಷ್ಟ ಸೆರಗಿಗೆ ಕಟ್ಕೊಂಡು ಬಂದೆ” ಎಂದರು ಅಜ್ಜಿ.

ಬೀಜ ಕಟ್ಟಿಟ್ಟರೆ ಸಾಲದು. ವರ್ಷ ಕಳೆದಂತೆ ಅದರ ಕಸುವು ಇಳಿಯುತ್ತದೆ, ಕೆಲವು ವರ್ಷ ಬಿತ್ತದೆ ಬಿಟ್ಟರೆ ಮೊಳೆಯುವುದೇ ಇಲ್ಲ. ಅದಕ್ಕೇ ಅವರು ಒಂದು ವರ್ಷವೂ ತಪ್ಪಿಸಿಲ್ಲ. ಈಗ ಮೊಣಕಾಲು ಬಾಗದು. ಏಳನೆಯ ಇಯತ್ತೆಯ ಮೊಮ್ಮಗಳು ಬಿತ್ತುತ್ತಾಳೆ, ಅಜ್ಜಿ ಕಟ್ಟೆಯ ಮೇಲೆ ಕೂತು ಹೇಳಿಕೊಡುತ್ತಾರೆ. ಹೊರಡುವಾಗ ನನ್ನ ಕೈಗೆ ಒಂದು ಹಿಡಿ ಹಾಕಿ, “ತಿನ್ನಾಕಲ್ರೀ, ಬಿತ್ತಾಕ” ಎಂದರು.

ಮಕ್ಕಳೇ, ನೀವೂ ಬಿತ್ತಬಹುದು. ಹುರಿದದ್ದು, ಸಕ್ಕರೆ ಲೇಪಿಸಿದ್ದು ಬೇಡ. ಹಸಿ ಕಾಳು ಬೇಕು. ಮೊದಲು ಹತ್ತು ಕಾಳನ್ನು ಒದ್ದೆ ಬಟ್ಟೆಯಲ್ಲಿ ಸುತ್ತಿಡಿ. ಎರಡು ವಾರದೊಳಗೆ ಐದಾರು ಮೊಳೆತರೆ ಬೀಜ ಚೆನ್ನಾಗಿದೆ ಎಂದರ್ಥ. ದಸರೆ ಮುಗಿದು ಚಳಿ ಶುರುವಾಗುವಾಗ ಅರ್ಧ ಬೆರಳಾಳಕ್ಕೆ ಬಿತ್ತಿ, ಗಿಡದಿಂದ ಗಿಡಕ್ಕೆ ಒಂದಡಿ ಬಿಡಿ. ಯುಗಾದಿಯ ಹೊತ್ತಿಗೆ ಕಾಳು ಬಲಿಯುತ್ತವೆ. ಎಲ್ಲ ಗೊಂಚಲೂ ಒಮ್ಮೆಲೇ ಬಲಿಯುವುದಿಲ್ಲ. ಆದಂತೆ ಕೊಯ್ದು ನೆರಳಿನಲ್ಲಿ ಒಣಗಿಸಿ.

ಅಜ್ಜ-ಅಜ್ಜಿಯರೇ, ಕಟ್ಟೆಯ ಮೇಲೆ ಕೂತು ಹೇಳಿಕೊಡುವ ಕೆಲಸ ನಿಮ್ಮದು. ಒಣಗಿದ ಕಾಳಿನಲ್ಲಿ ಒಂದು ಹಿಡಿಯನ್ನು ಮುಂದಿನ ದಸರೆಗೆ ಎತ್ತಿಡುವುದನ್ನು ಮಾತ್ರ ಮರೆಯಬೇಡಿ.