ಎರಡು ತುತ್ತಿನ ಊಟ

ಬಚ್ಚಲೊಲೆಗೆ ಬೆಂಕಿ ಹಾಕಿದಾಗಲೆಲ್ಲ ನನಗೆ ದೊಡ್ಡಪ್ಪನ ನೆನಪು. ಮಳೆಗಾಲದ ಸಂಜೆ ಅದರ ಮುಂದೆ ಮಣೆ ಹಾಕಿ ಕೂತು, ಕೊಳ್ಳಿಯಿಂದಲೇ ಬೀಡಿ ಹಚ್ಚಿಕೊಳ್ಳುತ್ತಿದ್ದರು. ಊಟದಲ್ಲಂತೂ ಗಟ್ಟಿಗರು. ಹಲಸಿನ ಹಣ್ಣಿನ ಕಡುಬು ಮಾಡಿದ ದಿನ ಅವರ ಎಲೆಗೆ ಬಡಿಸುವುದೇ ದೊಡ್ಡಮ್ಮನಿಗೆ ಸಂಭ್ರಮ.

ಒಂದು ವರ್ಷ ಇದ್ದಕ್ಕಿದ್ದಂತೆ ಎರಡು ತುತ್ತಿಗೇ ಎಲೆ ಮಡಿಸತೊಡಗಿದರು. ಜೀರಿಗೆ ಕಷಾಯವಾಯಿತು, ಗ್ಯಾಸ್ಟ್ರಿಕ್ ಮಾತ್ರೆಯಾಯಿತು. ಪೇಟೆಯಲ್ಲಿ ಎಂಡೋಸ್ಕೋಪಿ ಮಾಡಿಸಿದರೆ ಹೊಟ್ಟೆಯಲ್ಲಿ ಹುಣ್ಣೂ ಇಲ್ಲ, ಗಡ್ಡೆಯೂ ಇಲ್ಲ. ಆರು ತಿಂಗಳಲ್ಲಿ 15 ಕಿಲೋ ಇಳಿದರು. ಪಂಚೆ ಸೊಂಟದಲ್ಲಿ ನಿಲ್ಲುತ್ತಿರಲಿಲ್ಲ. ಕ್ಯಾನ್ಸರೇ ಇರಬೇಕೆಂದು ನೆಂಟರು ಪಿಸುಗುಟ್ಟಿದರು.

ಒಂದು ರಾತ್ರಿ ಒಲೆ ಮುಂದೆ ನಾವಿಬ್ಬರೇ ಇದ್ದೆವು. "ಹಸಿವು ಉಂಟು ಮಾರಾಯ. ಉಂಡು ಅರ್ಧ ಗಂಟೆಗೆ ಹೊಟ್ಟೆ ಹಿಂಡ್ತದೆ. ಉಣ್ಲಿಕ್ಕೇ ಹೆದರಿಕೆ" ಎಂದರು.

ಮಂಗಳೂರಿನ ವೈದ್ಯರ ಮುಂದೆ ನಾನು ಅದೇ ಮಾತು ಹೇಳಿದೆ. ಬೀಡಿ ಎಷ್ಟು ವರ್ಷದಿಂದ ಎಂದು ಕೇಳಿದವರೇ ಸಿ.ಟಿ. ಆಂಜಿಯೋಗ್ರಾಮ್ ಬರೆದರು. ಜೀರ್ಣಾಂಗಗಳಿಗೆ ರಕ್ತ ಒಯ್ಯುವ ಮುಖ್ಯ ನಾಳಗಳು ಮೂರು. ದೊಡ್ಡಪ್ಪನಿಗೆ ಒಂದು ಪೂರ್ತಿ ಮುಚ್ಚಿತ್ತು, ಇನ್ನೊಂದು ನೂಲಿನಷ್ಟು ತೆರೆದಿತ್ತು. ಉಂಡದ್ದು ಅರಗಬೇಕಾದರೆ ಕರುಳಿಗೆ ಹೆಚ್ಚು ರಕ್ತ ಬೇಕು. ಹೃದಯದ ನಾಳ ಕಿರಿದಾದವರಿಗೆ ಗುಡ್ಡ ಹತ್ತಿದರೆ ಎದೆ ನೋಯುವ ಹಾಗೆ, ಇವರಿಗೆ ಉಂಡರೆ ಹೊಟ್ಟೆ. ಉಳಿದ ದಾರಿಯೂ ಕಟ್ಟಿಕೊಂಡರೆ ಕೆಲವೇ ಗಂಟೆಗಳಲ್ಲಿ ಕರುಳು ಕೊಳೆಯತೊಡಗುತ್ತದೆ ಎಂದು ವೈದ್ಯರು ಎಚ್ಚರಿಸಿದರು. ತೊಡೆಸಂದಿನ ನಾಳದಿಂದ ತಂತಿ ತೂರಿಸಿ, ಕಿರಿದಾದ ಕಡೆ ಸ್ಟೆಂಟ್ ಕೂರಿಸಿದರು.

ಮೂರನೆಯ ದಿನ ಆಸ್ಪತ್ರೆಯ ಮಂಚದಲ್ಲಿ ಗಂಜಿ, ಮಾವಿನಮಿಡಿ ಉಪ್ಪಿನಕಾಯಿ. ಉಂಡು ಮುಗಿಸಿದ ಮೇಲೆ ಯಾರೂ ಮಾತಾಡಲಿಲ್ಲ; ಎಲ್ಲರ ಕಣ್ಣೂ ಗೋಡೆಯ ಗಡಿಯಾರದ ಮೇಲೆ. ಅರ್ಧ ಗಂಟೆಯಾಯಿತು, ಮುಕ್ಕಾಲು ಗಂಟೆಯಾಯಿತು. "ಇನ್ನೊಂದು ಸೌಟು ಹಾಕು" ಎಂದರು ದೊಡ್ಡಪ್ಪ. ದೊಡ್ಡಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡರು.

ಆಮೇಲೆ ಅವರು ಬೀಡಿ ಮುಟ್ಟಲಿಲ್ಲ. ರಕ್ತ ತೆಳುವಾಗಿಡುವ ಮಾತ್ರೆ ತಪ್ಪಿಸಲಿಲ್ಲ.

ನಾವೆಲ್ಲ ಆರು ತಿಂಗಳು ಅವರಿಗೆ "ಉಣ್ಣಿ, ಉಣ್ಣಿ" ಎಂದು ಒತ್ತಾಯಿಸಿದ್ದೆವು; ಯಾಕೆ ಉಣ್ಣುತ್ತಿಲ್ಲವೆಂದು ಒಬ್ಬರೂ ಕೂತು ಕೇಳಿರಲಿಲ್ಲ. ನಿಮ್ಮ ಮನೆಯ ಹಿರಿಯರು ಎಲೆಯಲ್ಲಿ ಅನ್ನ ಬಿಟ್ಟು ಏಳುತ್ತಿದ್ದರೆ ದಯವಿಟ್ಟು ಕೇಳಿ: ಹಸಿವಿಲ್ಲವೋ, ಉಣ್ಣಲು ಹೆದರಿಕೆಯೋ? ಹೆದರಿಕೆ ಎಂದರೆ, ಆ ಮಾತನ್ನು ಹಾಗೆಯೇ ವೈದ್ಯರಿಗೆ ಮುಟ್ಟಿಸಿ.